ಹಗ್ಗ ಮೊದಲೇ ಹೇಳುತ್ತೆ

ಅಪ್ಪ ಬಂಗಾರಪೇಟೆಯಿಂದ ಬ್ರಿಸ್ಟಲ್‌ಗೆ ಬಂದು ಮೂರು ವಾರ ಆಗಿತ್ತು. ಲಂಡನ್ನಿನ ಸೇತುವೆ, ಅರಮನೆ ಎಲ್ಲ ನೋಡಿದರು. ಎಲ್ಲದಕ್ಕೂ "ಚೆನ್ನಾಗಿದೆ ಕಣಮ್ಮ" ಅಂದರು, ಅಷ್ಟೇ. ಒಂದು ರಾತ್ರಿ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಾ ಅವರೇ ಕೇಳಿದರು: "ಕಾರ್ನ್‌ವಾಲ್ ಅಂತ ಒಂದು ಊರು ಇದೆಯಲ್ಲ, ಇಲ್ಲಿಂದ ದೂರಾನಾ?"

ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿರುವ ಕಾರ್ನ್‌ವಾಲ್ ಅಂದರೆ ನನಗೆ ಬೀಚು, ಬೇಸಿಗೆ ರಜೆ, ಟ್ರಾಫಿಕ್ ಜಾಮ್. ಅಪ್ಪನಿಗೆ ಅದು ಚಿಕ್ಕಂದಿನಿಂದ ಕೇಳಿದ ಹೆಸರು. ನಮ್ಮ ತಾತ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಡ್ರಿಲ್ಲರ್ ಆಗಿದ್ದವರು. ಅವರ ಕಾಲದಲ್ಲಿ ಮೇಲಿನ ದೊರೆಗಳಲ್ಲಿ ಎಷ್ಟೋ ಜನ ಕಾರ್ನ್‌ವಾಲ್ ಕಡೆಯವರು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಚಿನ್ನದ ಗಣಿಗಳ ಉಸ್ತುವಾರಿ ವಹಿಸಿಕೊಂಡಾಗ ಆಳದ ಗಣಿ ಕೆಲಸ ಗೊತ್ತಿದ್ದವರನ್ನು ಕರೆಸಿದ್ದು ಅಲ್ಲಿಂದಲೇ. ಗಣಿಯ ಮೇಲಧಿಕಾರಿಯನ್ನು 'ಕ್ಯಾಪ್ಟನ್' ಅನ್ನುವ ರೂಢಿಯೂ ಅವರ ಜೊತೆಗೇ ಬಂತು. ಹಡಗಿಲ್ಲ, ಸೈನ್ಯ ಇಲ್ಲ, ಆದರೂ ಕ್ಯಾಪ್ಟನ್ ಯಾಕೆ ಅಂತ ಅಪ್ಪ ಚಿಕ್ಕವರಿದ್ದಾಗ ತಾತನನ್ನು ಕೇಳಿದ್ದರಂತೆ. "ಅವರ ಊರಲ್ಲಿ ಹಂಗೇ ಕರೀತಾರೆ" ಅಂದಿದ್ದರಂತೆ ತಾತ.

ಅಪ್ಪ ಕೂಡ ಅದೇ ಚಾಂಪಿಯನ್ ರೀಫ್‌ನಲ್ಲಿ ವೈಂಡಿಂಗ್ ಡ್ರೈವರ್. ಅಂದರೆ ಜನರನ್ನು ಹೊರುವ ಕೇಜನ್ನು ಶಾಫ್ಟಿನೊಳಗೆ (ಗಣಿಯ ಬಾವಿಯೊಳಗೆ) ಇಳಿಸಿ ಏರಿಸುವ ಯಂತ್ರ ನಡೆಸುವವರು. 1978ರಲ್ಲಿ ಫಿಟ್ಟರ್ ಹೆಲ್ಪರ್ ಆಗಿ ಸೇರಿ, ಆಮೇಲೆ ವೈಂಡಿಂಗ್ ಸರ್ಟಿಫಿಕೇಟ್ ಪಾಸ್ ಮಾಡಿ, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚುವವರೆಗೂ ಅದೇ ಕೆಲಸ. ಅವರು ಕೇಳಿದ ಮೇಲೆ ಇನ್ನೇನು ಯೋಚನೆ? ಮೇ ಕೊನೆಯ ರಜೆಗೆ ಮೂರು ದಿನ ಸೇರಿಸಿಕೊಂಡು ಹೊರಟೆವು. ಡೆವನ್‌ನ ಉತ್ತರ ಕರಾವಳಿ ಹಿಡಿದು ಇಳಿದು ಮೊದಲ ರಾತ್ರಿ ಸೇಂಟ್ ಐವ್ಸ್‌ನಲ್ಲಿ ಉಳಿದೆವು. ನಾನು ಬರೆಯಬೇಕು ಅಂದುಕೊಂಡಿರುವುದು ಎರಡನೇ ದಿನದ್ದು.

ಸೇಂಟ್ ಐವ್ಸ್‌ನಿಂದ ಸೇಂಟ್ ಜಸ್ಟ್ ಕಡೆ ಹೋಗುವ ಬಿ3306 ರಸ್ತೆ ನಮ್ಮ ಹಳ್ಳಿ ರಸ್ತೆಗಿಂತ ಅಗಲ ಏನಿಲ್ಲ. ಎರಡೂ ಕಡೆ ಕಲ್ಲಿನ ಗೋಡೆ. ಗೋಡೆಯಾಚೆ ಅಂಗೈಯಗಲದ ಹೊಲಗಳು, ಅವುಗಳಲ್ಲಿ ದನ. ಎಡಕ್ಕೆ ಬಂಡೆಗಳಿರುವ ಬೋಳು ಗುಡ್ಡ, ಬಲಕ್ಕೆ ಹೊಲ ಮುಗಿದ ಕೂಡಲೇ ಸಮುದ್ರ. ಗುಡ್ಡದ ತುಂಬಾ ಗೋರ್ಸ್ ಅನ್ನುವ ಮುಳ್ಳು ಪೊದೆ ಹಳದಿ ಹೂ ಬಿಟ್ಟಿತ್ತು. ಜೆನ್ನರ್ ದಾಟುವವರೆಗೂ ಅಪ್ಪ ಸುಮ್ನೆ ಕೂತಿದ್ದರು. ಪೆಂಡೀನ್ ಹತ್ತಿರ ಬರುತ್ತಿದ್ದ ಹಾಗೆ ಒಂದು ಕಲ್ಲಿನ ಚಿಮಣಿ ಕಂಡಿತು. ಆಮೇಲೆ ಇನ್ನೊಂದು. ಅದರಾಚೆ ಆಕಾಶಕ್ಕೆ ನಿಂತ ಕಬ್ಬಿಣದ ಹೆಡ್‌ಗೇರ್, ಅಂದರೆ ಶಾಫ್ಟಿನ ಮೇಲಿನ ಗೋಪುರ, ಮೇಲೆ ಹಗ್ಗದ ಗಾಲಿ.

"ನಿಲ್ಸು, ನಿಲ್ಸು" ಅಂದರು ಅಪ್ಪ. ಆ ರಸ್ತೆಯಲ್ಲಿ ನಿಲ್ಲಿಸಲು ಜಾಗ ಎಲ್ಲಿ? ಹಾಗೇ ನಿಧಾನಕ್ಕೆ ಗೀವರ್ ಗೇಟಿನ ತನಕ ಹೋದೆವು.

ಗೀವರ್ ತವರದ ಗಣಿ. ಇಲ್ಲಿನ ಹಳೆಯ ಗಣಿಗಳೆಲ್ಲ ಮುಚ್ಚಿದ ಮೇಲೂ ಇದು ನಡೆಯುತ್ತಿತ್ತು. 1985ರ ಅಕ್ಟೋಬರಿನಲ್ಲಿ ತವರದ ಬೆಲೆ ಹಿಡಿದಿಟ್ಟಿದ್ದ ಅಂತರರಾಷ್ಟ್ರೀಯ ತವರ ಮಂಡಳಿಯ ಹತ್ತಿರ ದುಡ್ಡು ಖಾಲಿಯಾಯಿತು, ಬೆಲೆ ಕುಸಿದು ಬಿತ್ತು. ಗೀವರ್ ಆಮೇಲೂ ಕುಂಟುತ್ತಾ ನಡೆದು 1990ರಲ್ಲಿ ನಿಂತಿತು. ಮರುವರ್ಷ ಪಂಪುಗಳನ್ನೂ ನಿಲ್ಲಿಸಿದರು, ಕೆಳಗಿನ ಲೆವೆಲ್‌ಗಳಿಗೆ, ಅಂದರೆ ಬೇರೆ ಬೇರೆ ಆಳದಲ್ಲಿ ಅಡ್ಡಕ್ಕೆ ಕೊರೆದ ಸುರಂಗಗಳಿಗೆ, ನೀರು ತುಂಬಿತು. ಮುಚ್ಚಿದ ಮೂರೇ ವರ್ಷಕ್ಕೆ ಅದನ್ನು ಮ್ಯೂಸಿಯಂ ಮಾಡಿದರು. ನಮಗೆ ದಾರಿ ತೋರಿಸಿದವರು ಒಂದು ಕಾಲದಲ್ಲಿ ಒಳಗೆ ಇಳಿದು ಕೆಲಸ ಮಾಡಿದವರೇ. ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು ಇದೇ. ಗಣಿಯ ಕತೆಯನ್ನು ಅಲ್ಲಿ ಬೆವರು ಹರಿಸಿದವರ ಬಾಯಲ್ಲೇ ಕೇಳಬೇಕು.

ಮಿಲ್ಲಿನಲ್ಲಿ ಅಲುಗಾಡುವ ಮೇಜುಗಳಿವೆ. ಪುಡಿ ಮಾಡಿದ ಕಲ್ಲು ನೀರಿನ ಜೊತೆ ಹರಿದು ಬರುತ್ತೆ, ಮೇಜು ಜರಡಿ ಹಿಡಿದ ಹಾಗೆ ಪಕ್ಕಕ್ಕೆ ಕುಲುಕುತ್ತೆ. ಹಗುರ ಮಣ್ಣು ತೊಳೆದು ಹೋಗಿ, ಭಾರದ ತವರದ ಅದಿರು ಕಪ್ಪು ಗೆರೆಯಾಗಿ ಒಂದು ಅಂಚಿನಲ್ಲಿ ಉಳಿಯುತ್ತೆ. ಅಪ್ಪ ಆ ಗೆರೆ ನೋಡುತ್ತಾ ತುಂಬಾ ಹೊತ್ತು ನಿಂತರು.

ಅಲ್ಲಿಂದ 'ಡ್ರೈ'ಗೆ ಹೋದೆವು. ಗಣಿಯವರು ಬಟ್ಟೆ ಬದಲಿಸಿ ಸ್ನಾನ ಮಾಡುತ್ತಿದ್ದ ಕಟ್ಟಡ. ಕೊನೆಯ ದಿನ ಹೇಗಿತ್ತೋ ಹಾಗೆ ಬಿಟ್ಟಿದ್ದಾರೆ. ಲಾಕರುಗಳು, ಕೆಮ್ಮಣ್ಣಿನ ಬಣ್ಣ ಹಿಡಿದ ಓವರಾಲ್‌ಗಳು, ಹೆಲ್ಮೆಟ್, ಬಾಯಿ ಬಿಟ್ಟ ಬೂಟು. ಅಪ್ಪ ಒಂದು ಬೂಟಿನ ಹತ್ತಿರ ಬಗ್ಗಿ ಒಳಗೆ ನೋಡಿದರು. "ಕಾಲ್ಚೀಲ ಬಿಟ್ಟು ಹೋಗಿದಾನೆ" ಅಂದರು.

ವೈಂಡಿಂಗ್ ಹೌಸ್‌ಗೆ ಬಂದಾಗ ಅಪ್ಪನ ನಡಿಗೆಯೇ ಬದಲಾಯಿತು. ಮಂಡಿ ನೋವು ಅನ್ನುತ್ತಿದ್ದವರು ಮೆಟ್ಟಿಲು ಸರಸರ ಹತ್ತಿದರು. ದೊಡ್ಡ ಡ್ರಮ್, ಅದಕ್ಕೆ ಸುತ್ತಿದ ಉಕ್ಕಿನ ಹಗ್ಗ, ಪಕ್ಕದಲ್ಲಿ ಡ್ರೈವರ್ ಕೂರುವ ಜಾಗ, ಎದುರಿಗೆ ಕೇಜು ಯಾವ ಆಳದಲ್ಲಿದೆ ಅಂತ ತೋರಿಸುವ ಮುಳ್ಳು. ಅಪ್ಪ ಮುಳ್ಳನ್ನು ನೋಡಲಿಲ್ಲ. ಡ್ರಮ್‌ನ ಅಂಚಿಗೆ ಕಣ್ಣು ಹಾಯಿಸಿದರು. "ಇಲ್ಲಿ ಸೀಮೆಸುಣ್ಣದ ಗುರುತು ಇರ್ಬೇಕು" ಅಂದರು.

ಅಪ್ಪ ಅವತ್ತು ಬಿಡಿಸಿ ಹೇಳಿದ್ದು ಇದು. ಮುಳ್ಳು ಅಂದಾಜು ತೋರಿಸುತ್ತೆ, ಆದರೆ ಕೇಜು ನೆಲಕ್ಕೆ ಸರಿಯಾಗಿ ಬಂದು ನಿಲ್ಲಬೇಕಾದರೆ ಬೆರಳಗಲದ ಲೆಕ್ಕ ಬೇಕು. ಅದಕ್ಕೆ ಪ್ರತಿ ಲೆವೆಲ್‌ಗೂ ಡ್ರಮ್ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿಟ್ಟುಕೊಳ್ಳುತ್ತಾರೆ. ಭಾರ ಬಿದ್ದಾಗ ಹಗ್ಗ ಹಿಗ್ಗುತ್ತೆ. ಇಪ್ಪತ್ತು ಜನ ಕೇಜಿನಿಂದ ಇಳಿದರೆ ಸ್ಪ್ರಿಂಗ್ ಹಾಗೆ ಮೇಲೆ ಜಿಗಿಯುತ್ತೆ. ಅದೂ ಲೆಕ್ಕಕ್ಕೆ ಬರಬೇಕು. ಡ್ರೈವರ್‌ಗೆ ಕೇಜು ಕಾಣುವುದಿಲ್ಲ, ಜನ ಕಾಣುವುದಿಲ್ಲ, ಕಾಣುವುದು ಡ್ರಮ್ ಮಾತ್ರ. ಕೇಳುವುದು ಗಂಟೆ ಮಾತ್ರ. ಮೂರು ಗಂಟೆ ಹೊಡೆದರೆ ಕೇಜಿನಲ್ಲಿ ಮನುಷ್ಯರಿದ್ದಾರೆ ಅಂತ. ಆಗ ಡ್ರೈವರ್ ಜೊತೆ ಯಾರೂ ಮಾತಾಡುವ ಹಾಗಿಲ್ಲ.

ಮನೆಯಲ್ಲೂ ಅಪ್ಪ ಮಾತು ಕಮ್ಮಿ. ಅದು ಈ ಕುರ್ಚಿಯಲ್ಲಿ ಕೂತು ಕೂತು ಬಂದದ್ದು ಅಂತ ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ.

ಗೈಡ್ ನಮ್ಮ ಹತ್ತಿರ ಬಂದರು. ಅಪ್ಪನ ವಯಸ್ಸಿನವರೇ. ಅಪ್ಪ ತಾವು ಯಾರು ಅಂತ ಹೇಳಿಕೊಂಡರು. 'ಕೋಲಾರ್ ಗೋಲ್ಡ್ ಫೀಲ್ಡ್ಸ್' ಅಂದ ಕೂಡಲೇ ಆ ಮನುಷ್ಯ ಕೈ ಚಾಚಿದರು. ಅಲ್ಲಿಂದಾಚೆಗೆ ಇಬ್ಬರ ಮಾತು ಓಡಿದ್ದೇ ಓಡಿದ್ದು. ಸ್ಟೋಪ್, ವಿಂಜ್, ಕ್ರಾಸ್‌ಕಟ್, ಸ್ಕಿಪ್, ಆಡಿಟ್. ಒಂಬತ್ತು ವರ್ಷ ಈ ದೇಶದಲ್ಲಿರುವ ನನಗೆ ಅರ್ಧ ಮಾತು ಅರ್ಥವಾಗಲಿಲ್ಲ. ಅಪ್ಪನಿಗೆ ಒಂದೂ ತಪ್ಪಲಿಲ್ಲ. ಕೆಜಿಎಫ್‌ನಲ್ಲಿ ತಮಿಳು, ತೆಲುಗು, ಕನ್ನಡ ಯಾವುದು ಆಡಿದರೂ ನೆಲದ ಕೆಳಗಿನ ಭಾಷೆ ಇದೇ ಆಗಿತ್ತಲ್ಲ.

ಅಪ್ಪ ಜೇಬಿನಿಂದ ಕರ್ಚೀಫ್ ತೆಗೆದು ಹಗ್ಗದ ಮೇಲೆ ಸುತ್ತಿ ಹಿಡಿದ ಹಾಗೆ ಕೈ ಮಾಡಿ ತೋರಿಸಿದರು. ಗೈಡ್ ಕೂಡ ಹಾಗೇ ಕೈ ಮಾಡಿ ತಲೆ ಆಡಿಸಿದರು. ಏನದು ಅಂತ ಕೇಳಿದೆ. "ಹಗ್ಗ ನೋಡೋದು" ಅಂದರು ಅಪ್ಪ. ಕೆಜಿಎಫ್‌ನಲ್ಲಿ ಕಾಟನ್ ವೇಸ್ಟ್ ಹಿಡಿದು ಹಗ್ಗವನ್ನು ಅದರೊಳಗೆ ನಿಧಾನಕ್ಕೆ ಓಡಿಸುತ್ತಿದ್ದರಂತೆ. ಎಲ್ಲಾದರೂ ಒಂದು ತಂತಿ ಎಳೆ ಕಡಿದು ಎದ್ದಿದ್ದರೆ ಹತ್ತಿ ಸಿಕ್ಕಿಕೊಳ್ಳುತ್ತೆ. ಅಲ್ಲಿ ನಿಲ್ಲಿಸಿ, ಗ್ರೀಸ್ ಒರೆಸಿ, ಎಣಿಸಬೇಕು. "ಕಣ್ಣಿಗೆ ಕಾಣದ್ದು ಹತ್ತಿಗೆ ಕಾಣುತ್ತೆ" ಅಂದರು.

ಗೀವರ್‌ನಿಂದ ಲೆವಂಟ್ ಅನ್ನುವ ಇನ್ನೊಂದು ಹಳೆಯ ಗಣಿಗೆ ಬಂಡೆ ಅಂಚಿನ ಮೇಲೆ ಸ್ವಲ್ಪವೇ ನಡಿಗೆ. ಅಲ್ಲಿ ಹುಲ್ಲು ಕೂಡ ಸರಿಯಾಗಿ ಬೆಳೆದಿಲ್ಲ. ಕೆಂಪು, ಬೂದು ಮಣ್ಣಿನ ದಿಬ್ಬಗಳು. ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಕೆಜಿಎಫ್‌ನ ಸೈನೈಡ್ ದಿಬ್ಬಗಳ ಮುಂದೆ ಇವು ಏನೂ ಅಲ್ಲ. ಆದರೂ ಗಾಳಿ ಬೀಸಿದಾಗ ಕಣ್ಣಿಗೆ ಹೊಡೆದ ಧೂಳು ಅದೇ ಧೂಳು.

ಲೆವಂಟ್‌ನಲ್ಲಿ 1840ರ ಒಂದು ಹಬೆ ಇಂಜಿನ್ ಇದೆ. ಹೇಲ್ ಊರಿನ ಹಾರ್ವಿ ಕಾರ್ಖಾನೆಯದು. ಅದಿರು ಮೇಲೆತ್ತಲು ಬಳಸುತ್ತಿದ್ದದ್ದು. 1930ರಲ್ಲಿ ಗಣಿ ಮುಚ್ಚಿದ ಮೇಲೆ ಗುಜರಿಗೆ ಹೋಗಬೇಕಿದ್ದ ಇದನ್ನು 1935ರಲ್ಲಿ ಊರಿನ ಕೆಲವರು ಸೇರಿ ಉಳಿಸಿಕೊಂಡರು. 1984ರಿಂದ ಹವ್ಯಾಸಿಗಳ ಒಂದು ತಂಡ ತುಕ್ಕು ಕೆರೆದು, ಎಣ್ಣೆ ಬಿಟ್ಟು, ಮತ್ತೆ ಓಡುವ ಹಾಗೆ ಮಾಡಿತು. ನಾವು ಹೋದ ದಿನ ಹಬೆ ಹಾಕಿದ್ದರು. ತಲೆಯ ಮೇಲೆ ಭಾರೀ ತೊಲೆ ಏರಿ ಇಳಿಯುತ್ತಿತ್ತು. ಅಷ್ಟು ದೊಡ್ಡ ಯಂತ್ರ ಅಷ್ಟು ಮೆತ್ತಗೆ ಉಸಿರಾಡುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ.

ಆದರೆ ಲೆವಂಟ್ ಅಂದರೆ ಇಲ್ಲಿನವರಿಗೆ ನೆನಪಾಗುವುದು 1919ರ ಅಕ್ಟೋಬರ್ 20.

ಈ ಗಣಿಯಲ್ಲಿ ಕೇಜು ಇರಲಿಲ್ಲ. 'ಮ್ಯಾನ್ ಇಂಜಿನ್' ಇತ್ತು. ಶಾಫ್ಟಿನ ಉದ್ದಕ್ಕೂ ಸುಮಾರು 480 ಮೀಟರ್ ಇಳಿದಿದ್ದ ಮರದ ತೊಲೆ. ಯಂತ್ರ ಅದನ್ನು 12 ಅಡಿ ಮೇಲಕ್ಕೆ, 12 ಅಡಿ ಕೆಳಕ್ಕೆ ಆಡಿಸುತ್ತಾ ಇರುತ್ತೆ. ತೊಲೆಗೆ 12 ಅಡಿಗೊಂದು ಮೆಟ್ಟಿಲು, ಶಾಫ್ಟಿನ ಗೋಡೆಗೆ 12 ಅಡಿಗೊಂದು ಹಲಗೆ. ತೊಲೆ ಮೇಲೆ ಬರುವಾಗ ಅದರ ಮೆಟ್ಟಿಲ ಮೇಲೆ ನಿಲ್ಲಬೇಕು. ಅದು ನಿಂತ ಕ್ಷಣಕ್ಕೆ ಗೋಡೆಯ ಹಲಗೆಗೆ ಹೆಜ್ಜೆ ಇಡಬೇಕು. ತೊಲೆ ಕೆಳಗಿಳಿದು ಮುಂದಿನ ಮೆಟ್ಟಿಲು ಎದುರು ಬಂದಾಗ ಮತ್ತೆ ಅದರ ಮೇಲೆ. ಹೀಗೆ ಹೆಜ್ಜೆ ಬದಲಿಸುತ್ತಾ ಮೇಲೆ ಬರಬೇಕು, ಕತ್ತಲೆಯಲ್ಲಿ, ಟೋಪಿಗೆ ಅಂಟಿಸಿದ ಮೇಣದ ಬತ್ತಿಯ ಬೆಳಕಿನಲ್ಲಿ. ಕೇಳಿದರೆ ಎದೆ ಝಲ್ ಅನ್ನುತ್ತೆ. ಆದರೆ ಅದು ಬರುವ ಮೊದಲು ಇಡೀ ದಿನ ದುಡಿದು ಅಷ್ಟೂ ಎತ್ತರವನ್ನು ಏಣಿಯಲ್ಲಿ ಹತ್ತಬೇಕಿತ್ತು. 1857ರಲ್ಲಿ ಇದು ಬಂದಾಗ ಜನಕ್ಕೆ ವರವೇ.

ಅವತ್ತು ಶಿಫ್ಟ್ ಮುಗಿಸಿ ನೂರಕ್ಕೂ ಜಾಸ್ತಿ ಜನ ತೊಲೆಯ ಮೇಲೆ ಬರುತ್ತಿದ್ದರು. ತುತ್ತತುದಿಯಲ್ಲಿ, ತೊಲೆಯನ್ನು ಯಂತ್ರಕ್ಕೆ ಜೋಡಿಸಿದ್ದ ಕಬ್ಬಿಣದ ಕೊಂಡಿ ಮುರಿಯಿತು. 31 ಜನ ಸತ್ತರು. ಆಮೇಲೆ ಮ್ಯಾನ್ ಇಂಜಿನ್ ಮತ್ತೆ ಹಾಕಲಿಲ್ಲ. ಆಳದ ಲೆವೆಲ್‌ಗಳನ್ನು ಹಾಗೇ ಬಿಟ್ಟರು.

ಸುತ್ತು ಮೆಟ್ಟಿಲು ಇಳಿದು, ಒಂದು ಸುರಂಗ ದಾಟಿ, ಆ ಶಾಫ್ಟಿನ ಬಾಯಿಯವರೆಗೂ ಹೋಗಬಹುದು. ಗಣಿಯವರು ಪ್ರತಿದಿನ ನಡೆದ ದಾರಿ ಅದೇ. ಗೋಡೆ ಒದ್ದೆ, ತಣ್ಣಗೆ. ಅಪ್ಪ ಕಂಬಿ ಹಿಡಿದು ಕೆಳಗೆ ನೋಡುತ್ತಾ ನಿಂತರು. ಜೊತೆಗಿದ್ದ ನಾಲ್ಕೈದು ಪ್ರವಾಸಿಗರು ಬಂದರು, ಹೋದರು. ಅಪ್ಪ ಅಲ್ಲಾಡಲಿಲ್ಲ. ಕೊನೆಗೆ ಕೇಳಿದರು: "ಅವತ್ತು ಇಂಜಿನ್ ಮೇಲೆ ಇದ್ದವನು ಏನಾದ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸತ್ತವರ ಬಗ್ಗೆ ಎಲ್ಲರೂ ಕೇಳುತ್ತಾರೆ. ಮೇಲೆ ಕೂತು ಯಂತ್ರ ನಡೆಸುತ್ತಿದ್ದವನ ಬಗ್ಗೆ ಕೇಳಲು ಇನ್ನೊಬ್ಬ ಯಂತ್ರ ನಡೆಸಿದವನೇ ಬೇಕೇನೋ.

ಮಧ್ಯಾಹ್ನ ಸೇಂಟ್ ಜಸ್ಟ್‌ನಲ್ಲಿ ಊಟ. ಗ್ರಾನೈಟ್ ಮನೆಗಳ ಸಣ್ಣ ಊರು. ಜನಕ್ಕೆ ಹೋಲಿಸಿದರೆ ಮೆಥಡಿಸ್ಟ್ ಚರ್ಚು ತುಂಬಾ ದೊಡ್ಡದು. ಕಟ್ಟಿದ ಕಾಲಕ್ಕೆ ಅಷ್ಟು ಜನ ಇದ್ದರು, ಅಷ್ಟೇ. 1866ರಲ್ಲಿ ತಾಮ್ರದ ಬೆಲೆ ಬಿದ್ದ ಮೇಲೆ ಊರಿಗೆ ಊರೇ ಖಾಲಿಯಾಗುತ್ತಾ ಹೋಯಿತು. ದಕ್ಷಿಣ ಆಸ್ಟ್ರೇಲಿಯಾ, ಮೆಕ್ಸಿಕೋ, ಅಮೆರಿಕ, ದಕ್ಷಿಣ ಆಫ್ರಿಕಾ, ಮತ್ತೆ ನಮ್ಮ ಕೋಲಾರ. ನೆಲದಲ್ಲಿ ಎಲ್ಲಿ ತೂತು ಕೊರೆಯಬೇಕಿತ್ತೋ ಅಲ್ಲಿಗೆಲ್ಲ ಹೋದರು. ಪೇಸ್ಟಿ ತಿಂದೆವು, ಒಳಗೆ ಹೂರಣ ತುಂಬಿ ಬೇಯಿಸಿದ ಕಡುಬಿನ ಹಾಗಿರುವ ತಿಂಡಿ. ಗೋಮಾಂಸ ಹಾಕದ್ದು, ಚೀಸ್ ಮತ್ತು ಈರುಳ್ಳಿಯದು. ಗಣಿಯ ಒಳಗೆ ಕೈಯಲ್ಲಿ ಹಿಡಿದು ತಿನ್ನಲು ಅನುಕೂಲವಾದ ಬುತ್ತಿ. "ಮುದ್ದೆಗಿಂತ ಬೇಗ ಹಸಿವಾಗುತ್ತೆ" ಅಂದರು ಅಪ್ಪ.

ಒಂದು ಮಾತು ಹೇಳಲೇಬೇಕು. ಇಲ್ಲಿಂದ ಹೊಟ್ಟೆಪಾಡಿಗೆ ಹೋದವನು ಕೆಜಿಎಫ್‌ಗೆ ಬಂದಾಗ ಅವನಿಗೆ ಬಂಗಲೆ, ಕ್ಲಬ್ಬು, ಬೇರೆ ಸಂಬಳ. ಅದೇ ಹೊಟ್ಟೆಪಾಡಿಗೆ ಉತ್ತರ ಆರ್ಕಾಟ್‌ನಿಂದ, ಚಿತ್ತೂರಿನಿಂದ, ಕೋಲಾರದ ಹಳ್ಳಿಗಳಿಂದ ಬಂದವರಿಗೆ ಬಿದಿರಿನ ತಟ್ಟಿ ಮನೆಗಳ ಲೈನು. ಇಬ್ಬರೂ ನುಂಗಿದ್ದು ಒಂದೇ ಕಲ್ಲಿನ ಧೂಳು. ಕಾರ್ನ್‌ವಾಲ್ ಗಣಿಯವರ ಎದೆ ರೋಗದ ಬಗ್ಗೆ 1904ರಲ್ಲೇ ಸರ್ಕಾರಿ ವರದಿ ಬಂದಿತ್ತು. ನಮ್ಮ ತಾತ ಅದಾಗಿ ಎಷ್ಟೋ ವರ್ಷಗಳ ಮೇಲೆ ಡ್ರಿಲ್ ಹಿಡಿದವರು. ಕೊನೆಯ ಎರಡು ವರ್ಷ ಅವರು ಮಲಗಿ ನಿದ್ದೆ ಮಾಡಲಿಲ್ಲ. ಗೋಡೆಗೆ ಒರಗಿ ಕೂತೇ ಕೆಮ್ಮುತ್ತಿದ್ದರು. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತೆ. ಸೇಂಟ್ ಜಸ್ಟ್‌ನ ಚೌಕದಲ್ಲಿ ಅಪ್ಪನಿಗೆ ಹಾಗಂದೆ. ಅಪ್ಪ ಪೇಸ್ಟಿ ಕಾಗದ ಮಡಚುತ್ತಾ, "ಕ್ಯಾಪ್ಟನ್ ಬೇರೆ, ಕೆಳಗೆ ಇಳಿದವನು ಬೇರೆ ಕಣಮ್ಮ" ಅಂದರು. ನಾನು ಪೂರ್ತಿ ಒಪ್ಪಿಲ್ಲ.

ಬೊಟಾಲಕ್ ಅನ್ನುವ ಹಳೆಯ ಗಣಿಗೆ ಬಂದಾಗ ನಾಲ್ಕೂವರೆ ದಾಟಿತ್ತು. ಫೋಟೋಗಳಲ್ಲಿ ಎಲ್ಲರೂ ನೋಡಿರುವುದು ಇದನ್ನೇ. ಕಡಿದಾದ ಬಂಡೆಯ ಬುಡದಲ್ಲಿ, ಅಲೆ ಬಡಿಯುವ ಜಾಗದಿಂದ ಸ್ವಲ್ಪವೇ ಮೇಲೆ, ಎರಡು ಕಲ್ಲಿನ ಇಂಜಿನ್ ಮನೆಗಳು. ಕ್ರೌನ್ಸ್ ಅಂತ ಹೆಸರು. ಕೆಳಗಿನದು ನೀರು ಎತ್ತುವ ಇಂಜಿನ್‌ಗೆ, ಮೇಲಿನದು ಅದಿರು ಮತ್ತು ಜನರನ್ನು ಎತ್ತುವ ಇಂಜಿನ್‌ಗೆ. ಸುತ್ತ ಬಂಡೆಯ ಮೇಲೆ ಗುಲಾಬಿ ಬಣ್ಣದ ಪುಟ್ಟ ಹೂಗಳು ಗೊಂಚಲು ಗೊಂಚಲು. ಇಲ್ಲಿಂದ ಸುರಂಗಗಳು ಸಮುದ್ರದ ತಳದ ಕೆಳಗೆ ಅರ್ಧ ಮೈಲಿ ಹೋಗಿದ್ದವು. ಬಿರುಗಾಳಿಯ ದಿನ ತಲೆಯ ಮೇಲೆ, ಸಮುದ್ರದ ತಳದಲ್ಲಿ ಬಂಡೆಗಳು ಉರುಳುವ ಸದ್ದು ಒಳಗಿದ್ದವರಿಗೆ ಕೇಳುತ್ತಿತ್ತಂತೆ. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗಿಂತ ಆಳ ಹೋಗಿತ್ತು. ಅಲ್ಲಿ ಸದ್ದು ಮಾಡುತ್ತಿದ್ದದ್ದು ಬಂಡೆಯೇ. ರಾಕ್ ಬರ್ಸ್ಟ್ ಆದರೆ, ಅಂದರೆ ಒತ್ತಡಕ್ಕೆ ಬಂಡೆ ಸಿಡಿದರೆ, ಮೇಲಿನ ಲೈನುಗಳಲ್ಲಿ ಪಾತ್ರೆ ಅಲುಗಾಡುತ್ತಿದ್ದವು.

ಮೇಲಿನ ಮನೆಯಿಂದ ಓರೆಯಾಗಿ ಸಮುದ್ರದಡಿಗೆ ಇಳಿಯುವ ಶಾಫ್ಟ್ ಇತ್ತು, ಬೊಸ್ಕಾವೆನ್ ಡಯಾಗನಲ್. ಹಳಿ ಮೇಲೆ ಸರಪಳಿ ಕಟ್ಟಿದ ಬಂಡಿಯಲ್ಲಿ ಜನ ಇಳಿದು ಹತ್ತುತ್ತಿದ್ದರು. 1863ರ ಏಪ್ರಿಲ್‌ನಲ್ಲಿ ಸರಪಳಿ ಕಡಿಯಿತು. ಎಂಟು ಗಂಡಸರು, ಒಬ್ಬ ಹುಡುಗ ಸತ್ತರು. ಎರಡು ವರ್ಷಕ್ಕೆ, 1865ರಲ್ಲಿ, ವೇಲ್ಸ್ ರಾಜಕುಮಾರ ಮತ್ತು ಅವನ ಹೆಂಡತಿ ಅದೇ ಶಾಫ್ಟಿನಲ್ಲಿ ಇಳಿದು ನೋಡಿ ಬಂದರು. ಅಷ್ಟರಲ್ಲಿ ಸರಪಳಿ ತೆಗೆದು ಉಕ್ಕಿನ ಹಗ್ಗ ಹಾಕಿದ್ದರು.

ಇದನ್ನು ಓದಿ ಹೇಳಿದಾಗ ಅಪ್ಪ ಕಲ್ಲಿನ ಮೇಲೆ ಕೂತಿದ್ದರು. "ಸರಪಳಿ ಹೇಳಲ್ಲಮ್ಮ" ಅಂದರು. "ಒಂದು ಕೊಂಡಿ ಒಳಗೇ ಬಿರುಕು ಬಿಟ್ಟಿರುತ್ತೆ, ಮೇಲೆ ನೋಡಿದ್ರೆ ಚೆನ್ನಾಗೇ ಇರುತ್ತೆ. ಆ ಒಂದು ಹೋದ್ರೆ ಎಲ್ಲಾ ಹೋಯ್ತು. ಹಗ್ಗ ಹಂಗಲ್ಲ. ಒಂದು ಎಳೆ ಹೋಗುತ್ತೆ, ಎರಡು ಹೋಗುತ್ತೆ, ನೋಡ್ಕೋ ನೋಡ್ಕೋ ಅಂತ ಇರುತ್ತೆ. ಹಗ್ಗ ಮೊದಲೇ ಹೇಳುತ್ತೆ. ನೋಡೋನು ಇರ್ಬೇಕು ಅಷ್ಟೇ."

ಗಣಿ ಮುಚ್ಚಿದ ಮೇಲೆ ಅಪ್ಪ ಹನ್ನೆರಡು ವರ್ಷ ಬೆಳಗಿನ ಜಾವದ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬಂದರು. ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿ ಕೆಲಸ. ಮಾರಿಕುಪ್ಪಂನಿಂದ ಹೊರಡುವ ಆ ರೈಲುಗಳಲ್ಲಿ ಇವತ್ತಿಗೂ ಕೆಜಿಎಫ್ ಬೆಂಗಳೂರಿಗೆ ದುಡಿಯಲು ಹೋಗುತ್ತೆ. ಒಂದು ದಿನ ಅಪ್ಪ ಅಲ್ಲಿನ ಲಿಫ್ಟ್ ಸದ್ದು ಕೇಳಿ, ಹಗ್ಗ ಸರಿಯಿಲ್ಲ, ನೋಡಿಸಿ ಅಂತ ಹೇಳಿದ್ದರಂತೆ. ನೀನು ಗೇಟು ನೋಡ್ಕೋ ಅಂದರಂತೆ. ಇದನ್ನು ಅಪ್ಪ ನನಗೆ ಹೇಳಿದ್ದು ಬೊಟಾಲಕ್‌ನ ಆ ಕಲ್ಲಿನ ಮೇಲೆ ಕೂತು, ಮೊದಲ ಸಲ. ಆಮೇಲೆ ಏನಾಯ್ತು ಅಂತ ಕೇಳಿದೆ. "ಆ ತಿಂಗಳೆಲ್ಲ ಮಕ್ಕಳನ್ನ ಮೆಟ್ಟಿಲು ಹತ್ತಿಸ್ದೆ. ಆಟ ಅಂತ ಹೇಳಿ" ಅಂದರು.

ಐದು ಗಂಟೆಗೆ, ಅಂದರೆ ಊರಲ್ಲಿ ರಾತ್ರಿ ಒಂಬತ್ತೂವರೆಗೆ, ಅಪ್ಪ ಆಂಡರ್ಸನ್‌ಪೇಟೆಯ ಗೆಳೆಯನಿಗೆ ವಾಟ್ಸಾಪ್ ವಿಡಿಯೋ ಕಾಲ್ ಮಾಡಿದರು. ಅವರು ಪಂಪ್ ಹೌಸ್‌ನಲ್ಲಿ ಇದ್ದವರು. ಇಬ್ಬರದೂ ತಮಿಳು ಮಾತು. ಫೋನನ್ನು ಕ್ರೌನ್ಸ್ ಕಡೆ ತಿರುಗಿಸಿ ಅಪ್ಪ ವಿವರಿಸಿದರು: ನೋಡು, ಅದು ಪಂಪ್ ಇಂಜಿನ್, ಇದು ವೈಂಡಿಂಗ್, ಈ ಸಮುದ್ರದ ಕೆಳಗೆ ಲೆವೆಲ್. ಗಾಳಿಗೆ ಅರ್ಧ ಮಾತು ಹಾರಿ ಹೋಗುತ್ತಿತ್ತು. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ನೆಟ್‌ವರ್ಕ್ ಹೋಯಿತು ಅಂದುಕೊಂಡೆ. ಇಲ್ಲ, ಅವರು ಯೋಚನೆ ಮಾಡುತ್ತಿದ್ದರು.

"ಉಪ್ಪು ನೀರಲ್ವಾ ಅದು?" ಅಂದರು. "ಪೈಪು ಎಷ್ಟು ದಿನ ಬರ್ತಿತ್ತು?"

ಅಪ್ಪ ನನ್ನ ಮುಖ ನೋಡಿದರು. ಮೇಲೆ ಗಣಿಯ ಹಳೆಯ ಆಫೀಸಿನಲ್ಲಿ ಕೇಳೋಣ ಅಂತ ಏದುಸಿರು ಬಿಡುತ್ತಾ ಹತ್ತಿ ಹೋದೆವು. ಬಾಗಿಲು ಹಾಕಿತ್ತು. "ನಾಳೆ ಕೇಳಿ ಹೇಳ್ತೀನಿ" ಅಂತ ಅಪ್ಪ ಫೋನ್ ಇಟ್ಟರು.

ಮಾರನೇ ದಿನ ಲ್ಯಾಂಡ್ಸ್ ಎಂಡ್ ನೋಡುವ ಪ್ಲಾನ್ ಇತ್ತು. ಹೋಗಲಿಲ್ಲ. ಬೆಳಿಗ್ಗೆ ಗೀವರ್‌ನಲ್ಲಿ ಗೇಟು ತೆಗೆಯುವ ಹೊತ್ತಿಗೆ ನಾವಿಬ್ಬರೂ ಅದರ ಮುಂದೆ ನಿಂತಿದ್ದೆವು.